ಕಿವಿಯಲ್ಲೇ ನೋಡಿದ್ದ ಊರು

ಪ್ರವಾಸದ ಐದನೆಯ ದಿನ ಬಿಡುವು. ಹಿಂದಿನ ಸಂಜೆಯೇ ಟೂರ್ ಮ್ಯಾನೇಜರು ಬಸ್ಸಿನಲ್ಲಿ ಮೈಕು ಹಿಡಿದು ಹೇಳಿದ್ದ: "ನಾಳೆ ಯಾರನ್ನೂ ಎಬ್ಬಿಸಲ್ಲ, ಯಾರ ತಲೆನೂ ಎಣಿಸಲ್ಲ. ಸಂಜೆ ಏಳಕ್ಕೆ ಊಟದ ಹೊತ್ತಿಗೆ ಬಂದ್ರೆ ಸಾಕು." ಇಪ್ಪತ್ತೆಂಟು ಜನರಲ್ಲಿ ಇಪ್ಪತ್ತಾರು ಮಂದಿ ಊರಾಚೆಯ ದೊಡ್ಡ ಅಂಗಡಿಗೆ ಹೊರಟರು. ಉಳಿದವರು ಏಳಮ್ಮ ಮತ್ತು ಅವಳ ನಾದಿನಿ.

ಏಳಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನ ಹೊರದೇಶದ ಟ್ರಂಕ್ ಕಾಲ್ ವಿಭಾಗದಲ್ಲಿ ಅವಳು ಕೂತು ಕರೆ ಜೋಡಿಸುತ್ತಿದ್ದ ಬೋರ್ಡಿನ ಸಂಖ್ಯೆ ಏಳು. ಆಪರೇಟರುಗಳು ಗಿರಾಕಿಗಳಿಗಾಗಲಿ, ಆಚೆ ತುದಿಯ ಆಪರೇಟರುಗಳಿಗಾಗಲಿ ಹೆಸರು ಹೇಳುವಂತಿರಲಿಲ್ಲ, ಸಂಖ್ಯೆ ಹೇಳಬೇಕು. ದಿನಕ್ಕೆ ನೂರು ಸಲ "ಏಳು ಮಾತಾಡ್ತಿದ್ದೀನಿ" ಎಂದು ಹೇಳಿ ಹೇಳಿ ನಾಲಿಗೆಗೆ ಅದೇ ರೂಢಿಯಾಗಿ, ಮದುವೆಯಾದ ಹೊಸದರಲ್ಲಿ ಒಂದು ದಿನ ಯಾರೋ ಬಾಗಿಲು ತಟ್ಟಿ "ಯಾರಿದ್ದೀರಿ ಒಳಗೆ?" ಎಂದು ಕೇಳಿದಾಗಲೂ ಹಾಗೆಯೇ ಉತ್ತರ ಕೊಟ್ಟಿದ್ದಳು. ಔಷಧಿ ಅಂಗಡಿಯಲ್ಲಿ ಕಾಂಪೌಂಡರ್ ಆಗಿದ್ದ ಗಂಡ ಆ ದಿನವೆಲ್ಲ ನಕ್ಕ. ಮಾರನೆಯ ಬೆಳಿಗ್ಗೆ ಹಾಸಿಗೆಯ ಪಕ್ಕ ನಿಂತು "ಏಳಮ್ಮಾ, ಏಳು" ಎಂದ. ಮುಂದೆ ನಲವತ್ತು ವರ್ಷ ಪ್ರತಿ ಬೆಳಿಗ್ಗೆಯೂ ಅದೇ ತಮಾಷೆ. ಅವನು ಹೋಗಿ ನಾಲ್ಕು ವರ್ಷವಾಯಿತು. ಆ ಹೆಸರು ಮಾತ್ರ ನೆಂಟರಿಷ್ಟರ ಬಾಯಲ್ಲಿ ಉಳಿದುಕೊಂಡಿದೆ.

ನಾದಿನಿ ಅವನ ತಂಗಿ, ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದವಳು. ಮದುವೆಯಾಗಲಿಲ್ಲ. ವಯಸ್ಸು ಅರವತ್ನಾಲ್ಕಾದರೂ ಬಾಯಲ್ಲಿ ಸೀಟಿ ಇದೆಯೇನೋ ಎನ್ನುವ ಹಾಗೆ ಎದೆಯೆತ್ತಿ ನಡೆಯುತ್ತಾಳೆ. "ಅಣ್ಣ ಇದ್ದಾಗ ನಿಮ್ಮನ್ನ ಎಲ್ಲಿಗೂ ಕರ್ಕೊಂಡು ಹೋಗಲಿಲ್ಲ. ನಾನು ಕರ್ಕೊಂಡು ಹೋಗ್ತೀನಿ, ಹೊರಡಿ ಅತ್ತಿಗೆ" ಎಂದು ಪ್ರವಾಸದ ಕಂಪನಿಯವರ ಒಂಬತ್ತು ಬಣ್ಣಬಣ್ಣದ ಕಾಗದಗಳನ್ನು ತಂದು ಊಟದ ಮೇಜಿನ ಮೇಲೆ ಹರಡಿದವಳು ಅವಳೇ. ಏಳಮ್ಮ ಒಂಬತ್ತನ್ನೂ ಓದಿ, ಆರನೆಯದರ ಮೇಲೆ ಬೆರಳಿಟ್ಟಿದ್ದಳು. ಯಾಕೆ ಅದೇ ಎಂದು ಕೇಳಿದ್ದಕ್ಕೆ "ನಡೆಯೋದು ಕಡಿಮೆಯಂತೆ" ಎಂದಿದ್ದಳು. ಅದು ಪೂರ್ತಿ ನಿಜವಾಗಿರಲಿಲ್ಲ.

ಬೆಳಿಗ್ಗೆ ಹೊಟೇಲಿನ ಕೋಣೆಯಲ್ಲಿ ಇಬ್ಬರೂ ಮಂಚದ ಎರಡು ತುದಿಗೆ ಕೂತು ದಿನದ ಕೆಲಸಗಳ ಪಟ್ಟಿ ಮಾಡಿದರು. ಏಳಮ್ಮನ ಕಿವಿ ಮೆಷಿನ್ನಿಗೆ ಬ್ಯಾಟರಿ. ಮೊಮ್ಮಕ್ಕಳಿಗೆ ಚಿತ್ರದ ಕಾರ್ಡು. ನಾದಿನಿಗೆ ಮೊಣಕಾಲಿನ ಮುಲಾಮು. ಅದನ್ನು ಅವಳು "ಯಾರಿಗಾದ್ರೂ ಬೇಕಾಗಬಹುದು" ಎಂದು ಬರೆಸಿದಳು. ಆಮೇಲೆ ಹೊಳೆಯಲ್ಲಿ ದೋಣಿ.

"ಮೊದಲು ಬ್ಯಾಟರಿ," ಎಂದಳು ಏಳಮ್ಮ. "ಇಲ್ಲಾಂದ್ರೆ ನೀನು ಹೇಳೋ ಒಂದು ಮಾತೂ ಕೇಳಲ್ಲ ಕಣೇ."

ನಾದಿನಿ ಅವಳ ಬಲಗಿವಿಯ ಹತ್ತಿರ ಬಾಗಿ ಹೇಳಿದಳು: "ಹಾಗಾದ್ರೆ ಬೇಡ ಬಿಡಿ. ನಮ್ಮಣ್ಣನ ಮಾತು ಕೇಳಿಸದ ಹಾಗೇ ಇದ್ದು ನಲವತ್ತು ವರ್ಷ ಸಂಸಾರ ಮಾಡಿದ್ರಲ್ಲ."

ಹೆಡ್‌ಫೋನನ್ನು ಏಳಮ್ಮ ಯಾವಾಗಲೂ ಎಡಗಿವಿಗೇ ಹಾಕಿಕೊಳ್ಳುತ್ತಿದ್ದಳು. ಮೂವತ್ತೈದು ವರ್ಷ ಲೈನಿನ ಕಿರುಚಾಟವನ್ನೆಲ್ಲ ನುಂಗಿದ ಆ ಕಿವಿ ಈಗ ಓಲೆ ಹಾಕಿಕೊಳ್ಳುವುದಕ್ಕೆ ಮಾತ್ರ. ಬಲಗಿವಿ ಮೆಷಿನ್ನು ಇದ್ದರೆ ಕೇಳಿಸುತ್ತದೆ.

ಎರಡು ಬೀದಿ ದಾಟಿದರೆ ಕನ್ನಡಕದ ಅಂಗಡಿ. ಅಂಗಡಿಯಾಕೆ ಗುಂಡಿಯಷ್ಟೇ ಗಾತ್ರದ ಬ್ಯಾಟರಿ ಹಾಕಿ, ಮೆಷಿನ್ನನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಅವಳ ಕಿವಿಗಿಟ್ಟು, ಪಕ್ಕದಲ್ಲಿ ತನ್ನ ಎರಡು ಬೆರಳುಗಳನ್ನು ಉಜ್ಜಿ ತೋರಿಸಿದಳು. ಕೇಳಿಸಿತೇ ಎಂಬಂತೆ ಹುಬ್ಬೇರಿಸಿದಳು. ಏಳಮ್ಮ ತಲೆಯಾಡಿಸಿದಳು. ಹೊರಗೆ ಬಂದಾಗ, ನಾಲ್ಕು ದಿನದಿಂದ ಗಾಜಿನ ಹಿಂದಿನ ಚಿತ್ರದಂತಿದ್ದ ಊರು ಒಮ್ಮೆಲೇ ಬಾಯಿ ತೆರೆಯಿತು. ತಿರುವಿನಲ್ಲಿ ಟ್ರಾಮಿನ ಗಾಲಿ ಕಂಬಿಗೆ ಉಜ್ಜಿ ಕೀರಿಟ್ಟಿತು. ಯಾರೋ ಅಂಗಡಿಯ ಷಟರ್ ಎತ್ತಿದರು. ಪಾರಿವಾಳಗಳು ರೆಕ್ಕೆ ಬಡಿದವು.

ಮುಲಾಮು ಸಿಕ್ಕಿತು. ಕಾರ್ಡುಗಳೂ ಸಿಕ್ಕವು. ಅಂಚೆ ಕಚೇರಿಯ ಎದುರಿನ ಚೌಕದಲ್ಲಿ ಬಿಸಿಲು ಬಿದ್ದ ಬೆಂಚಿನ ಮೇಲೆ ಕೂತು ಏಳಮ್ಮ ಮೊಮ್ಮಗಳಿಗೆ ಬರೆಯತೊಡಗಿದಳು. "ಚಿನ್ನು, ನಿನ್ನ ಡ್ರಿಲ್ ಅಜ್ಜಿ ಇಲ್ಲೂ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದಾಳೆ" ಎಂಬಲ್ಲಿಗೆ ಬಂದಾಗ ಚೌಕದ ಮೂಲೆಯ ಗೋಪುರದಲ್ಲಿ ಗಂಟೆ ಬಾರಿಸಿತು. ಮೊದಲು ನಾಲ್ಕು ಸಣ್ಣ ಗಂಟೆ. ಆಮೇಲೆ ದೊಡ್ಡದು. ದೊಡ್ಡ ಗಂಟೆ ಢಣ್ ಎನ್ನಲಿಲ್ಲ. ಬಿರುಕು ಬಿಟ್ಟ ಹಂಡೆಯನ್ನು ತಟ್ಟಿದ ಹಾಗೆ ಢಪ್ ಎಂದಿತು. ಹನ್ನೊಂದು ಸಲ.

ಏಳಮ್ಮನ ಪೆನ್ನು ನಿಂತಿತು. ನಾದಿನಿ ನೋಡಿದರೆ ಅತ್ತಿಗೆಯ ಕಣ್ಣು ತುಂಬಿದೆ.

"ಏನಾಯ್ತು ಅತ್ತಿಗೆ? ಬಿ.ಪಿ. ಮಾತ್ರೆ ತಗೊಂಡ್ರಿ ತಾನೆ?"

"ಈ ಗಂಟೆ ನನಗೆ ಗೊತ್ತು ಕಣೆ," ಎಂದಳು ಏಳಮ್ಮ. "ಏಳು ವರ್ಷ ಕೇಳಿದ್ದೀನಿ."

ಆಮೇಲೆ ಆ ಬೆಂಚಿನ ಮೇಲೆ, ಆರನೆಯ ಕಾಗದದ ಮೇಲೆ ಬೆರಳಿಟ್ಟ ಗುಟ್ಟು ಹೊರಗೆ ಬಂತು.

ಆ ಕಾಲದಲ್ಲಿ ಈ ಊರಿಗೆ ಕರೆ ಬೇಕೆಂದರೆ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತು. ಈ ಊರಿನ ಲೈನು ಏಳನೇ ಬೋರ್ಡಿಗೆ ಬರುತ್ತಿತ್ತು. ಆಚೆ ತುದಿಯಲ್ಲಿ ಕೂರುತ್ತಿದ್ದವಳು ಹನ್ನೆರಡು. ಅವಳೂ ಹೆಂಗಸು, ಇವಳ ವಯಸ್ಸಿನವಳೇ. ಇಬ್ಬರಿಗೂ ಅಷ್ಟಿಷ್ಟು ಬರುತ್ತಿದ್ದ ಇಂಗ್ಲಿಷಿನಲ್ಲೇ ಕೆಲಸದ ಮಾತು: ನಂಬರು ಕೊಡಿ, ತಡೆಯಿರಿ, ಮಾತಾಡಿ, ಮೂರು ನಿಮಿಷ ಆಯಿತು. ಸ್ವಂತ ಮಾತು ಆಡುವಂತಿರಲಿಲ್ಲ. ಬೋರ್ಡುಗಳ ಸಾಲಿನ ಹಿಂದೆ ಮೇಲ್ವಿಚಾರಕಿ ಸದ್ದಿಲ್ಲದ ಚಪ್ಪಲಿ ಹಾಕಿಕೊಂಡು ಅಡ್ಡಾಡುತ್ತಿದ್ದಳು. ಹುಡುಗಿಯರು ಅವಳಿಗೆ ಬೆಕ್ಕಮ್ಮ ಎಂದು ಹೆಸರಿಟ್ಟಿದ್ದರು.

ಇವಳಿಗೆ ಸಂಜೆ ನಾಲ್ಕೂವರೆಯಾದರೆ ಅಲ್ಲಿ ನಡುಮಧ್ಯಾಹ್ನ. ಬೇಸಿಗೆಯಲ್ಲಿ ಹನ್ನೆರಡರ ಪಕ್ಕದ ಕಿಟಕಿ ತೆರೆದಿರುತ್ತಿತ್ತು. ನಾಲ್ಕು ಸಣ್ಣ ಗಂಟೆ, ಆಮೇಲೆ ಆ ಒಡಕು ಗಂಟೆ, ಸೇತುವೆಯ ಮೇಲೆ ಟ್ರಾಮು ಹೋದರೆ ಅವಳ ಬೋರ್ಡಿನ ಪ್ಲಗ್ಗುಗಳೆಲ್ಲ ಕಿಣಿಕಿಣಿ. ಎಲ್ಲವೂ ಇವಳ ಎಡಗಿವಿಗೆ ಬರುತ್ತಿದ್ದವು.

"ಹಾಗಾದ್ರೆ ಇಷ್ಟೇನಾ? ಗಂಟೆ ಕೇಳೋಕೆ ಇಲ್ಲಿವರೆಗೆ ಬಂದ್ರಾ?" ಎಂದಳು ನಾದಿನಿ.

"ಪೂರ್ತಿ ಕೇಳು."

ಒಂದು ಮಧ್ಯಾಹ್ನ ವಯಸ್ಸಾದ ಹೆಂಗಸೊಬ್ಬಳು ಕರೆ ಬುಕ್ ಮಾಡಿ ಎಕ್ಸ್‌ಚೇಂಜಿನ ಕೆಳಗಿನ ಬೂತಿನಲ್ಲಿ ಕಾಯುತ್ತ ಕೂತಿದ್ದಳು. ಈ ಊರಿನ ಆಸ್ಪತ್ರೆಯಲ್ಲಿ ಮಗಳಿಗೆ ಹೆರಿಗೆಯಾಗಿ ಮೂರು ದಿನವಾಗಿತ್ತು. ಲೈನು ಸಿಕ್ಕಿತು, ಆದರೆ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ. ತಾಯಿ "ಹಲೋ, ಹಲೋ" ಎನ್ನುತ್ತಾಳೆ, ಮಗಳೂ ಏನೋ ಅನ್ನುತ್ತಾಳೆ, ಒಬ್ಬರಿಗೊಬ್ಬರದು ಕೇಳಿಸದು. ಆ ಗದ್ದಲದಲ್ಲೂ ಮಾತು ಹೆಕ್ಕುವ ಕಿವಿ ಇದ್ದದ್ದು ಇಬ್ಬರು ಆಪರೇಟರುಗಳಿಗೆ ಮಾತ್ರ.

"ಅವಳು ಹೇಳಿದ್ದನ್ನ ನನಗೆ ಹೇಳು. ನಾನು ಇವರಿಗೆ ಹೇಳ್ತೀನಿ," ಎಂದಳು ಏಳು.

ಹೀಗೆ ಶುರುವಾಯಿತು. ಮಗಳು ಹನ್ನೆರಡಕ್ಕೆ ಇಂಗ್ಲಿಷಿನಲ್ಲಿ, ಹನ್ನೆರಡು ಏಳಕ್ಕೆ, ಏಳು ಬೂತಿನ ತಾಯಿಗೆ ಕನ್ನಡದಲ್ಲಿ. "ಅಮ್ಮ, ನಾನು ಚೆನ್ನಾಗಿದ್ದೀನಿ. ಹೆಣ್ಣುಮಗು."

"ಯಾರಮ್ಮ ನೀನು? ಇದು ನನ್ನ ಮಗಳ ದನಿಯಲ್ಲ," ಎಂದಳು ತಾಯಿ.

"ನಾನು ಆಪರೇಟರ್ ಅಮ್ಮ. ನಿಮ್ಮ ಮಗಳ ಮಾತನ್ನೇ ಹೇಳ್ತಿದ್ದೀನಿ."

ಎರಡು ನಿಮಿಷ ಕಳೆಯುವುದರೊಳಗೆ ತಾಯಿಗೆ ಅದು ಮರೆತುಹೋಯಿತು. ಇವಳನ್ನೇ ಮಗಳೇ ಎಂದು ಕರೆದು ಒಂದೇ ಸಮ ಕೇಳತೊಡಗಿದಳು. ಹೊಟ್ಟೆ ತುಂಬ ಊಟ ಮಾಡ್ತಿದ್ದೀಯಾ? ನಿದ್ದೆ ಬರುತ್ತಾ? ಹಾಲು ಸಾಕಾಗುತ್ತಾ? ಏಳಮ್ಮ ಆಗ ತಾನೇ ನಾಲ್ಕು ತಿಂಗಳ ಬಸುರಿ. ಹೆತ್ತ ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಈ ಪ್ರಶ್ನೆಗಳನ್ನು ಅವಳನ್ನು ಕೇಳುವವರೇ ಇರಲಿಲ್ಲ. ಒಂದೊಂದನ್ನೂ ಇಂಗ್ಲಿಷಿಗೆ ತಿರುಗಿಸಿ ಕಳಿಸಿದಳು, ಬಂದ ಉತ್ತರವನ್ನು ತನ್ನದೇ ಎನ್ನುವ ಹಾಗೆ ಹೇಳಿದಳು. ಮೂರು ನಿಮಿಷವಾಯಿತು, ಆರಾಯಿತು. ಬೆಕ್ಕಮ್ಮ ಬಂದು ಬೆನ್ನ ಹಿಂದೆ ನಿಂತಳು. ಅಷ್ಟರಲ್ಲಿ ಆ ತುದಿಯಿಂದ ಹನ್ನೆರಡು ತಡೆದು ತಡೆದು ಒಂದು ವಾಕ್ಯ ಕಳಿಸಿದಳು. ಏಳು ಅದನ್ನು ಕನ್ನಡದಲ್ಲಿ ಹೇಳಬೇಕು. "ಅಮ್ಮ, ನೀನು ಹತ್ತಿರ ಇರಬೇಕಿತ್ತು" ಎಂದಳು. ಅಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಬೆಕ್ಕಮ್ಮ ಹೊರಳಿ ಹೋಗಿ ಕಿಟಕಿಯ ಹತ್ತಿರ ನಿಂತಳು.

ಕರೆ ಮುಗಿದ ಮೇಲೂ ಹನ್ನೆರಡು ಲೈನು ಬಿಡಲಿಲ್ಲ.

"ಏಳು, ನೀನು ಅತ್ತುಬಿಟ್ಟೆಯಾ?"

"ಇಲ್ಲ. ಲೈನು ಸರಿ ಇರಲಿಲ್ಲ."

"ಹೌದು, ಈ ಕಡೆಯೂ ಸರಿ ಇರಲಿಲ್ಲ," ಎಂದಳು ಹನ್ನೆರಡು.

ಅಂದಿನಿಂದ ದಿನಕ್ಕೊಂದು ವಾಕ್ಯದ ಸ್ನೇಹ. ಎರಡು ಕರೆಗಳ ನಡುವೆ, ಬೆಕ್ಕಮ್ಮ ಸಾಲಿನ ಕೊನೆಗೆ ಹೋದಾಗ ಒಂದು ಮಾತು. ಇವತ್ತು ಮಂಜು ಬಿದ್ದಿದೆ. ಮಗನಿಗೆ ಹಲ್ಲು ಬಂತು. ಹೊಸ ಕೋಟು ಕೊಂಡೆ, ತೋಳು ಉದ್ದ. ನಮ್ಮ ಕಚೇರಿಯ ಬಾಗಿಲ ಮೇಲೆ ಕಲ್ಲಿನ ಹೆಂಗಸಿನ ತಲೆ ಇದೆ, ಅದಕ್ಕೆ ಮೂಗಿಲ್ಲ. ಹೀಗೆ ಏಳು ವರ್ಷ. ಅದೆಲ್ಲ ಸೇರಿಸಿದರೂ ಒಂದು ಮಧ್ಯಾಹ್ನದ ಹರಟೆಯಾದೀತು, ಅಷ್ಟೇ. ಆಮೇಲೆ ಜನ ತಾವೇ ನೇರವಾಗಿ ಹೊರದೇಶಕ್ಕೆ ಡಯಲ್ ಮಾಡುವ ವ್ಯವಸ್ಥೆ ಬಂತು. ಇಂಥ ದಿನ ಸಂಜೆ ನಾಲ್ಕಕ್ಕೆ ಈ ಲೈನು ಮುಚ್ಚುತ್ತದೆ ಎಂದು ಸುತ್ತೋಲೆ ಬಂತು. ಏಳಮ್ಮ ಅಂದು ಒಳ್ಳೆಯ ಸೀರೆ ಉಟ್ಟುಕೊಂಡು ಹೋದಳು. ಹೇಳಬೇಕಾದ ಒಂದು ವಾಕ್ಯವನ್ನು ಗಂಡನ ಮುಂದೆ ಹತ್ತು ಸಲ ಹೇಳಿ ತಿದ್ದಿಸಿಕೊಂಡಿದ್ದಳು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಪ್ಲಗ್ಗು ಸಿಕ್ಕಿಸಿದರೆ ಆಚೆಯಿಂದ ಬಂದದ್ದು ಬೇರೆ ದನಿ. "ಹದಿನೈದು ಮಾತಾಡ್ತಿದ್ದೀನಿ. ಲೈನು ಮುಚ್ಚಬಹುದೇ?" ಇವಳು "ಮುಚ್ಚಬಹುದು" ಎಂದಳು. ಮುಗಿಯಿತು.

ನಾದಿನಿ ಎದ್ದು ನಿಂತು ಚೀಲವನ್ನು ಹೆಗಲಿಗೇರಿಸಿದಳು.

"ಮೂಗಿಲ್ಲದ ಹೆಂಗಸು ಅಂದ್ರಲ್ಲ, ಗಂಟೆ ಇಲ್ಲಿದೆ, ಸೇತುವೆ ಅಲ್ಲಿದೆ. ಎರಡರ ಮಧ್ಯೆ ಇರಬೇಕು. ನಡೀರಿ."

"ದೋಣಿಗೆ ಹೊತ್ತಾಗುತ್ತೆ ಕಣೆ."

"ದೋಣಿ ಎಲ್ಲೂ ಓಡಿಹೋಗಲ್ಲ. ನಡೀರಿ ಅಂದೆನಲ್ಲ."

ಶಾಲೆಯ ಮಕ್ಕಳನ್ನು ಮೈದಾನದಲ್ಲಿ ಸುತ್ತಿಸುವ ಹಾಗೆ ಅವಳು ಅತ್ತಿಗೆಯನ್ನು ಆ ನಾಲ್ಕು ಬೀದಿಗಳಲ್ಲಿ ಸುತ್ತಿಸಿದಳು. ತಲೆಯೆತ್ತಿ ಪ್ರತಿ ಬಾಗಿಲ ಮೇಲೂ ನೋಡುವುದೇ ಕೆಲಸ. ಒಂದು ಕಡೆ ಸಿಂಹ, ಒಂದು ಕಡೆ ದ್ರಾಕ್ಷಿ ಗೊಂಚಲು, ಒಂದು ಕಡೆ ಮೂಗಿರುವ ಹೆಂಗಸು. "ಮೂಗು ರಿಪೇರಿ ಮಾಡಿಸಿರಬಹುದಾ?" ಎಂದು ನಾದಿನಿ ಅನುಮಾನಪಟ್ಟಳು. ಕೊನೆಗೆ ಹೊಳೆಗೆ ಬೆನ್ನು ಹಾಕಿ ನಿಂತ ಕೆಂಪು ಇಟ್ಟಿಗೆಯ ಮೂರಂತಸ್ತಿನ ಕಟ್ಟಡ ಸಿಕ್ಕಿತು. ಬಾಗಿಲ ಮೇಲಿನ ಮುಖ ಮಳೆ ಗಾಳಿಗೆ ಸವೆದಿತ್ತು, ಮೂಗಿನ ಜಾಗದಲ್ಲಿ ಚಪ್ಪಟೆ ಕಲ್ಲು. ಏಳಮ್ಮ ರಸ್ತೆಯ ಈಚೆ ಬದಿಯಲ್ಲೇ ನಿಂತು ಸೀರೆಯ ನೆರಿಗೆ ಸರಿಮಾಡಿಕೊಂಡಳು, ಕೂದಲು ಒತ್ತಿಕೊಂಡಳು. ಡ್ಯೂಟಿಗೆ ಹೋಗುವ ಮುಂಚೆ ಹಾಗೆ ಮಾಡುತ್ತಿದ್ದಳು.

ಕೆಳಗಡೆ ಈಗ ಓದುವ ಕೋಣೆ. ಜನ ಸದ್ದಿಲ್ಲದೆ ಪತ್ರಿಕೆ ತಿರುವುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ಹಳೆಯ ಟೆಲಿಫೋನುಗಳ ಒಂದು ಸಣ್ಣ ಸಂಗ್ರಹ. ನೋಡಿಕೊಳ್ಳಲು ಒಬ್ಬ ಮುದುಕ, ನಿವೃತ್ತ ಲೈನ್‌ಮನ್, ಮೂಲೆಯಲ್ಲಿ ಕೂತು ಹಳೆಯ ರಿಸೀವರಿನ ಸ್ಕ್ರೂ ಬಿಚ್ಚುತ್ತಿದ್ದ. ಗೋಡೆಗೆ ತಾಗಿ ಮೂರು ಬೋರ್ಡು, ಮೂರು ಎತ್ತರದ ಕುರ್ಚಿ. ನೂರಾರು ತೂತುಗಳ ಹಲಗೆ, ಕೆಳಗೆ ಜೋಡಿ ಜೋಡಿ ವೈರಿನ ಪ್ಲಗ್ಗು.

ಮುಟ್ಟಬಾರದು ಎಂದು ಫಲಕವಿತ್ತೋ ಏನೋ, ಆ ಭಾಷೆ ಬಾರದ್ದರಿಂದ ತೊಂದರೆಯಾಗಲಿಲ್ಲ. ಏಳಮ್ಮನ ಕೈ ತಾನಾಗಿ ಹೋಗಿ ಮುಂದಿನ ಸಾಲಿನ ಪ್ಲಗ್ಗು ಎತ್ತಿತು. ಅದರ ತುದಿಯನ್ನು ಒಂದು ತೂತಿನ ಅಂಚಿಗೆ ಮೆಲ್ಲನೆ ಎರಡು ಸಲ ತಾಗಿಸಿದಳು. ಲೈನು ಖಾಲಿ ಇದೆಯೇ ಎಂದು ಆಪರೇಟರು ನೋಡುವುದು ಹೀಗೆ. ಬೇರೆಯವರು ಪ್ಲಗ್ಗನ್ನು ಸೀದಾ ಒಳಗೆ ತುರುಕುತ್ತಾರೆ.

ಮುದುಕ ಸ್ಕ್ರೂಡ್ರೈವರು ಕೆಳಗಿಟ್ಟ.

"ಯಾವ ಎಕ್ಸ್‌ಚೇಂಜು?" ಎಂದು ಒರಟು ಇಂಗ್ಲಿಷಿನಲ್ಲಿ ಕೇಳಿದ.

ಏಳಮ್ಮ ಹೇಳಿದಳು. ಅವನಿಗೆ ಅದು ತಿಳಿಯಿತು. "ಆ ಲೈನು ಬಲು ಕೆಟ್ಟದ್ದು," ಎಂದ, ಹಳೆಯ ನೆಂಟನ ವಿಷಯ ಹೇಳುವಂತೆ. "ಅದನ್ನ ರಿಪೇರಿ ಮಾಡಿ ಮಾಡಿ ನನಗೆ ಬೆನ್ನು ನೋವು ಬಂತು."

"ಇಲ್ಲಿ ಹನ್ನೆರಡು ಅಂತ ಒಬ್ಬರು ಇದ್ದರು," ಎಂದಳು ಏಳಮ್ಮ. "ಇದ್ದಾರಾ?"

ಮುದುಕ ಅವಳನ್ನೇ ನೋಡಿದ. "ನೀವು ಏಳಾ?"

ಹನ್ನೆರಡು ಬದುಕಿದ್ದಳು. ರೈಲಿನಲ್ಲಿ ಐದು ಗಂಟೆ ದೂರದ ಗುಡ್ಡದ ಊರಿನಲ್ಲಿ ಮಗಳ ಮನೆಯಲ್ಲಿದ್ದಳು. ನಾಳೆ ಬೆಳಿಗ್ಗೆ ಪ್ರವಾಸದ ಬಸ್ಸು ಇನ್ನೊಂದು ದಿಕ್ಕಿಗೆ ಹೊರಡುತ್ತದೆ. ನಾದಿನಿ ಆಗಲೇ ಬೆರಳಲ್ಲಿ ಗಂಟೆ ಎಣಿಸಿ ತಲೆಯಲ್ಲಾಡಿಸಿದ್ದಳು. ಮುದುಕ ಮಾತ್ರ ಅದೆಲ್ಲ ಯೋಚಿಸುವ ಗೋಜಿಗೇ ಹೋಗದೆ ಜೇಬಿನಿಂದ ಮೊಬೈಲು ತೆಗೆದು ನಂಬರು ಒತ್ತಿದ. ತನ್ನ ಭಾಷೆಯಲ್ಲಿ ಎರಡು ಮಾತಾಡಿದ. ಆಮೇಲೆ ಫೋನನ್ನು ಇವಳ ಕಡೆ ಚಾಚಿದ.

ಏಳಮ್ಮ ಅಭ್ಯಾಸಬಲದಿಂದ ಎಡಗಿವಿಗೆ ಇಟ್ಟುಕೊಂಡಳು. ನಾದಿನಿ ಬಂದು ಅದನ್ನು ಬಲಗಿವಿಗೆ ಬದಲಿಸಿದಳು.

"ಏಳು ಮಾತಾಡ್ತಿದ್ದೀನಿ."

ಆ ತುದಿಯಲ್ಲಿ ಯಾರೋ ಕುರ್ಚಿ ಎಳೆದು ಕೂತ ಸದ್ದು. ಆಮೇಲೆ ದನಿ ಬಂತು. ಒಣಗಿತ್ತು, ಒಡೆದಿತ್ತು. ಆದರೂ ಮೊದಲ ಅಕ್ಷರವನ್ನು ಎಳೆದು ಕೊನೆಯದನ್ನು ಕತ್ತರಿಸುವ ಆ ರೀತಿ ಅದೇ ಆಗಿತ್ತು.

"ಹನ್ನೆರಡು. ಹೇಳಿ ಏಳು. ಇವತ್ತು ಲೈನು ಚೆನ್ನಾಗಿದೆ."

ದಿನಕ್ಕೊಂದೇ ವಾಕ್ಯದ ಅಭ್ಯಾಸದವರಿಗೆ ಒಮ್ಮೆಲೇ ಇಷ್ಟೊಂದು ಹೊತ್ತು ಸಿಕ್ಕಿಬಿಟ್ಟಿತ್ತು. ಹೆಸರು ಹೇಳಿಕೊಂಡರು. ಒಬ್ಬರ ಹೆಸರು ಇನ್ನೊಬ್ಬರ ಬಾಯಲ್ಲಿ ನಿಲ್ಲಲಿಲ್ಲ. ಎರಡು ಸಲ ತಪ್ಪಾಗಿ ಹೇಳಿ, ನಕ್ಕು, ಮತ್ತೆ ಸಂಖ್ಯೆಗೇ ಬಂದರು. ಹನ್ನೆರಡಕ್ಕೂ ಒಂದು ಕಿವಿ ಹೋಗಿತ್ತು. ಯಾವುದು ಎಂದರೆ ಎಡದ್ದು. ಗಂಡ? ಹೋದರು, ನಿಮ್ಮವರು? ಹೋದರು. ಆ ಉದ್ದ ತೋಳಿನ ಕೋಟು? ಅದು ಇನ್ನೂ ಇದೆ, ನಾನೇ ಕುಗ್ಗಿದ್ದೇನೆ.

"ಆ ಮಗುವನ್ನ ನಾನು ಎತ್ಕೊಂಡಿದ್ದೆ," ಎಂದಳು ಹನ್ನೆರಡು ಇದ್ದಕ್ಕಿದ್ದಂತೆ.

"ಯಾವ ಮಗು?"

"ಅದೇ ಹೆಣ್ಣುಮಗು. ತುಂಬ ದಿನ ಆದ ಮೇಲೆ ಅದರ ತಾಯಿ ಇಲ್ಲಿಗೆ ಬಂದಳು, ನನ್ನ ಹುಡುಕಿಕೊಂಡು. ಮೆಟ್ಟಿಲ ಹತ್ತಿರ ಮಗುವನ್ನ ನನ್ನ ಕೈಗೆ ಕೊಟ್ಟಳು. ನಿಮ್ಮ ಪಾಲಿನದ್ದು ಅಂತ ಕೆನ್ನೆಗೆ ಇನ್ನೊಂದು ಮುತ್ತು ಕೊಟ್ಟೆ. ನಿಮಗೆ ಹೇಳೋಣ ಅಂದ್ರೆ ನೀವು ಹೆರಿಗೆ ರಜೆಗೆ ಹೋಗಿದ್ರಿ. ಆಮೇಲೆ ದಿನಾ ಬೇರೆ ಬೇರೆ ವಾಕ್ಯ. ಇದು ಉಳಿದುಹೋಯ್ತು."

ಏಳಮ್ಮ ಎತ್ತರದ ಕುರ್ಚಿಯ ಮೇಲೆ ಕೂತಳು. ಕಾಲು ನೆಲಕ್ಕೆ ಎಟುಕಲಿಲ್ಲ. ಆಮೇಲೆ ಕೇಳಿದಳು:

"ಕೊನೆಯ ದಿನ ನಿಮಗೆ ಹುಷಾರಿರಲಿಲ್ಲವಾ?"

ಲೈನು ಹೋಯಿತೇನೋ ಎಂದು ಏಳಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಹುಷಾರಾಗೇ ಇದ್ದೆ," ಎಂದಳು ಹನ್ನೆರಡು. "ಡ್ಯೂಟಿ ನನ್ನದೇ ಆಗಿತ್ತು. ಹದಿನೈದಕ್ಕೆ ಕೊಟ್ಟು ಮನೆಗೆ ಹೋದೆ. ನನ್ನ ಕೈಯಿಂದ ಮುಚ್ಚೋದಕ್ಕೆ ಆಗ್ತಿರಲಿಲ್ಲ. ಮನೆಗೆ ಹೋಗಿ ಬಟ್ಟೆ ಒಗೆದೆ. ಒಗೆದಿದ್ದ ಬಟ್ಟೆಯನ್ನೇ ಮತ್ತೆ ಒಗೆದೆ. ನೀವು ಬೇಜಾರು ಮಾಡಿಕೊಂಡ್ರಾ?"

ಬೇಜಾರು ಮಾಡಿಕೊಂಡಿದ್ದಳು. ಎಷ್ಟೋ ವರ್ಷ, ಯಾವುದೋ ಕೆಲಸದ ನಡುವೆ ಅದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅವಳಿಗೆ ನಾನು ಒಂದು ಬೋರ್ಡು ಅಷ್ಟೇ ಆಗಿದ್ದೆನೇನೋ ಎಂದು. ಅದನ್ನು ಗಂಡನಿಗೂ ಹೇಳಿರಲಿಲ್ಲ.

"ಇಲ್ಲ," ಎಂದಳು ಏಳಮ್ಮ. ಮತ್ತೆ, ಸುಳ್ಳು ಹೇಳುವ ವಯಸ್ಸು ದಾಟಿತೆಂದು ತೋರಿ, "ಹೌದು, ಮಾಡಿಕೊಂಡಿದ್ದೆ. ಈಗಿಲ್ಲ" ಎಂದಳು.

ಅಂದು ತಿದ್ದಿಸಿಕೊಂಡು ಹೋಗಿದ್ದ ವಾಕ್ಯ ಬಾಯಿಪಾಠವಾಗಿಯೇ ಇತ್ತು. ಹೇಳಿಬಿಟ್ಟಳು. ನಾನು ನಿಮ್ಮನ್ನು ನೋಡಿಲ್ಲ, ಆದರೆ ಏಳು ವರ್ಷ ನೀವು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಿರಿ. ಕಾಂಪೌಂಡರ್ ಗಂಡ ಪದಕೋಶ ನೋಡಿ ತಿದ್ದಿಕೊಟ್ಟ ಇಂಗ್ಲಿಷು, ಒಂದು ಅಕ್ಷರವೂ ತಪ್ಪಲಿಲ್ಲ. ಆ ತುದಿಯಲ್ಲಿ ಹನ್ನೆರಡು ಮೂಗು ಸೀಟಿಕೊಂಡ ಸದ್ದು ಮಾತ್ರ ಕೇಳಿಸಿತು.

ಮುಕ್ಕಾಲು ಗಂಟೆ ಮಾತಾಡಿದರು. ಮುದುಕ ಸ್ಕ್ರೂಗಳನ್ನು ಬಿಚ್ಚಿದ, ಮತ್ತೆ ಹಾಕಿದ. ನಾದಿನಿ ಬೋರ್ಡಿನ ಎಲ್ಲ ಪ್ಲಗ್ಗುಗಳನ್ನೂ ಸಾಲಾಗಿ ನೆಟ್ಟಗೆ ನಿಲ್ಲಿಸಿದಳು.

ಹೊರಗೆ ಬಂದು ಹೊಳೆಯ ದಂಡೆಯ ಮೆಟ್ಟಿಲ ಮೇಲೆ ಕೂತಾಗ ಸೂರ್ಯ ನೆತ್ತಿ ದಾಟಿದ್ದ. ದೋಣಿಗೆ ಇನ್ನೂ ಕಾಲು ಗಂಟೆ. ನಾದಿನಿ ನೀರನ್ನೇ ನೋಡುತ್ತ ಹೇಳಿದಳು:

"ನಾನೂ ಒಂದು ಸಲ ಟ್ರಂಕ್ ಕಾಲ್ ಬುಕ್ ಮಾಡಿದ್ದೆ ಅತ್ತಿಗೆ. ನಮ್ಮ ಶಾಲೇಲಿ ವಿಜ್ಞಾನದ ಮೇಷ್ಟ್ರು ಒಬ್ಬರಿದ್ರು, ವರ್ಗವಾಗಿ ದೂರ ಹೋದ್ರು. ಎರಡು ಗಂಟೆ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತೆ. ಆಮೇಲೆ ಕ್ಯಾನ್ಸಲ್ ಮಾಡಿ ಮನೆಗೆ ಬಂದೆ."

ನಲವತ್ತನಾಲ್ಕು ವರ್ಷ ಒಂದೇ ಸಂಸಾರದಲ್ಲಿ ಬಾಳಿದ್ದರೂ ಏಳಮ್ಮ ಇದನ್ನು ಕೇಳಿರಲಿಲ್ಲ.

"ಯಾಕೆ ಕ್ಯಾನ್ಸಲ್ ಮಾಡಿದೆ?"

"ಮೊದಲನೇ ಮಾತು ಏನು ಆಡಬೇಕು ಅಂತ ತೋಚಲಿಲ್ಲ. ಆಪರೇಟರ್ ಬೇರೆ ಕೇಳಿಸ್ಕೋತಾಳೆ ಅನ್ನೋ ನಾಚಿಕೆ." ಅವಳು ನಕ್ಕಳು. "ಕೇಳಿಸ್ಕೋತಿದ್ರಾ?"

"ಕೇಳಿಸ್ಕೋತಿದ್ವಿ," ಎಂದಳು ಏಳಮ್ಮ. "ಆದ್ರೆ ಯಾರಿಗೂ ಹೇಳ್ತಿರಲಿಲ್ಲ. ಅವರು ಹೇಗಿದ್ರು ನೋಡೋಕೆ?"

ನಾದಿನಿ ಹೇಳತೊಡಗಿದಳು. ದೋಣಿ ಬಂತು, ಜನ ಇಳಿದರು, ಜನ ಹತ್ತಿದರು. ದೋಣಿಯವನು ಇವರ ಕಡೆ ನೋಡಿ ಒಮ್ಮೆ ಕೈ ಬೀಸಿದ. ಏಳಮ್ಮ ಬರುವುದಿಲ್ಲ ಎಂದು ಸನ್ನೆ ಮಾಡಿ, ನಾದಿನಿಯ ಕಡೆಗೆ ಬಲಗಿವಿ ತಿರುಗಿಸಿ ಕೂತಳು.